ಗವಿಕೋನದ ಪೀಪಾಯಿಗಳು

ಹಾಲೇಶನ ಫೋನ್ ಬಂದಾಗ ವೀರಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಏನಪಾ" ಎಂದಳು. ತಮ್ಮ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಾತಾಡಿದರೆ ಹೆಚ್ಚು. ಈಗ ಸಂಕ್ರಾಂತಿಯೂ ಮುಗಿದುಹೋಗಿತ್ತು.

"ಅಕ್ಕಾ, ಗವಿಕೋನಕ್ಕ ಬಾ. ಎರಡು ದಿನ ಇದ್ದು ಹೋಗು."

"ಯಾಕ, ಆರಾಮಿಲ್ಲೇನು?"

"ಆರಾಮದೀನಿ. ಒಂದು ಕೆಲಸ ಐತಿ. ನೀನೇ ಮಾಡಬೇಕು, ಬ್ಯಾರೇದವರಿಂದ ಆಗಂಗಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ತಮ್ಮ ತನ್ನ ಮನೆಗೆ ಬಾ ಎಂದು ಕರೆದದ್ದು ಇದೇ ಮೊದಲು. ಕರೆಯದೆ ಇದ್ದುದಕ್ಕೆ ಕಾರಣವೂ ಆಕೆಗೆ ಗೊತ್ತಿತ್ತು.

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಅವರ ತಂದೆಯ ಅಂಗಡಿಗೆ ಹೆಸರಿತ್ತು. ಬೆಳಗಿನ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆತನ. ಅಂಥ ಮನೆಯ ಒಬ್ಬನೇ ಮಗ ಹೊಳಗುಂದದ ಆಚೆ, ಎರಡು ಗುಡ್ಡಗಳ ನಡುವೆ ಗವಿಕೋನ ಎಂಬಲ್ಲಿ ತಾಯಿಯ ಕಡೆಯಿಂದ ಬಂದ ಹೊಲದಲ್ಲಿ ದ್ರಾಕ್ಷಿ ಹಾಕಿದ. ಹಾಕಲಿ ಎಂದರು. ಆಮೇಲೆ ಆ ದ್ರಾಕ್ಷಿಯಿಂದ ವೈನ್ ಮಾಡುತ್ತೇನೆ ಎಂದ. ಅದೇ ಉಸಿರಿನಲ್ಲಿ, ಸಸಿಯ ನರ್ಸರಿಯಲ್ಲಿ ಕೆಲಸಕ್ಕಿದ್ದ ಗೋನೆಗಂಡ್ಲದ ಮಹೇಶ್ವರಿ ಎಂಬ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದೂ ಹೇಳಿದ. ಎರಡನ್ನೂ ಮಾಡಿಯೇ ಬಿಟ್ಟ. ಊರಿನವರಿಗೆ ವೈನ್ಸ್ ಎಂದರೆ ಬ್ರಾಂಡಿ ಅಂಗಡಿ. "ಶೆಟ್ಟರ ಮಗ ಅಡವ್ಯಾಗ ವೈನ್ಸ್ ಇಟ್ಟಾನಂತ" ಎಂದು ಮಾರ್ಕೆಟ್ಟೆಲ್ಲ ನಕ್ಕಿತು. ತಂದೆ ಸಾಯುವ ತನಕ ಮಗನ ಮುಖ ನೋಡಲಿಲ್ಲ. ತಾಯಿ ತೀರಿಕೊಂಡ ದಿನ ಹಾಲೇಶ ದ್ರಾಕ್ಷಿ ತುಳಿಸುತ್ತಿದ್ದ ಕೆಲಸ ಬಿಟ್ಟು, ಹಾಕಿಕೊಂಡ ಅಂಗಿಯಲ್ಲೇ ಓಡಿ ಬಂದಿದ್ದ. ಬಾಗಿಲಲ್ಲಿ ಅವನನ್ನು ತಡೆದವಳು ವೀರಬಸಮ್ಮ. "ನಿನ್ನ ಮೈಯೆಲ್ಲಾ ಹೆಂಡ ನಾರತೈತಿ. ಹೊರಗ ನಿಂದ್ರು" ಎಂದಿದ್ದಳು. ಅವನು ಹೊರಗೇ ನಿಂತ. ತಾಯಿಯನ್ನು ಹೊರಗೆ ತಂದಾಗ ನೋಡಿದ.

ಆಮೇಲೆ ಆಕೆ ಆ ಮಾತನ್ನು ಎಷ್ಟು ಸಲ ನೆನೆದಳೋ. ಆದರೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅವನೂ ಎತ್ತಲಿಲ್ಲ. ಹೋದ ದಸರೆಯ ಹಿಂದುಮುಂದು, ಬಳ್ಳಿ ಕತ್ತರಿಸುವ ಹೊತ್ತಿನಲ್ಲಿ ಮಹೇಶ್ವರಿ ತಲೆನೋವು ಎಂದು ಸಾಲಿನ ನಡುವೆ ಕೂತವಳು ಮತ್ತೆ ಏಳಲಿಲ್ಲ. ವೀರಬಸಮ್ಮ ಮಣ್ಣಿಗೆ ಗೋನೆಗಂಡ್ಲಕ್ಕೆ ಹೋಗಿ ಬಂದಿದ್ದಳು. ಅಲ್ಲಿ ತಮ್ಮ ತನ್ನ ಕಡೆ ನೋಡಿದನೋ ಇಲ್ಲವೋ ಗೊತ್ತಾಗಲಿಲ್ಲ.

"ಹೋಗ್ತೀನಿ" ಎಂದು ಗಂಡನಿಗೆ ಹೇಳಿದಳು. ಹತ್ತಿ ವ್ಯಾಪಾರಿ ಏಕಾಂತಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹೋಗು. ಹೆಂಡ್ತಿ ಸತ್ತಾಳ, ಒಬ್ನೇ ಅದಾನ. ಅಲ್ಲಿ ಏನು ಮುಟ್ಟಬೇಕು, ಏನು ಮುಟ್ಟಬಾರದು ಅನ್ನಾದು ನಿನಗೇ ಗೊತ್ತೈತಿ."

ಹೊಳಗುಂದದಲ್ಲಿ ಬಸ್ಸಿಳಿದಾಗ ಹಾಲೇಶ ಜೀಪು ತಂದು ನಿಂತಿದ್ದ. ಐವತ್ತು ದಾಟಿದವನು, ಈಗ ಅರವತ್ತರ ಹಾಗೆ ಕಂಡ. ಗಡ್ಡ ನೀಟಾಗಿ ಬೋಳಿಸಿದ್ದ, ಅಂಗಿಗೆ ಇಸ್ತ್ರಿ ಇತ್ತು, ಕಣ್ಣು ಮಾತ್ರ ಎಲ್ಲೋ ಇತ್ತು. ದಾರಿಯುದ್ದಕ್ಕೂ ಒಂದೆರಡು ಮಾತು. ಹತ್ತಿ ಬಿಡಿಸಿ ಮುಗಿದ ಕರಿ ಹೊಲಗಳು, ತೆನೆ ಕಟ್ಟಿದ ಜೋಳ, ಕಾಲುವೆಯ ಸೇತುವೆ, ಆಮೇಲೆ ಜಾಲಿ ಗಿಡಗಳ ಮಣ್ಣುದಾರಿ. ದಾರಿ ಒಂದು ಕಡೆ ತಟ್ಟನೆ ತಿರುಗಿತು. ಆನೆಯಂಥ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿದ್ದ ಎರಡು ಗುಡ್ಡಗಳ ನಡುವೆ ಹಸಿರು ಚಾಪೆ ಹಾಸಿದ ಹಾಗೆ ಕಣಿವೆ ಕಂಡಿತು. ಸಾಲಿನ ಮೇಲೆ ಸಾಲು ದ್ರಾಕ್ಷಿ ಬಳ್ಳಿ. ಗೊಂಚಲುಗಳಲ್ಲಿ ಬಣ್ಣ ಈಗಷ್ಟೇ ಏರುತ್ತಿತ್ತು. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಕೆಂಪು ಕಾಯಿ, ನೀಲಿ ಕಾಯಿ. ಕಣಿವೆಯ ತುದಿಯಲ್ಲಿ ಕಲ್ಲಿನ ಮನೆ, ಅದಕ್ಕೆ ಅಂಟಿಕೊಂಡು ಉದ್ದನೆಯ ಕಲ್ಲಿನ ಕೊಟ್ಟಡಿ.

ವೀರಬಸಮ್ಮ ಬಾಯಿ ಬಿಟ್ಟುಕೊಂಡೇ ನೋಡಿದಳು. ಇಷ್ಟು ವರ್ಷ ಆಕೆಯ ಮನಸ್ಸಿನಲ್ಲಿದ್ದದ್ದು ಮಬ್ಬು ದೀಪದ, ಪ್ಲಾಸ್ಟಿಕ್ ಕುರ್ಚಿಯ, ಕುಡುಕರು ತೂರಾಡುವ ಜಾಗ.

"ಇಷ್ಟು ಚೆಂದ ಐತಿ ಅಂತ ನೀ ಒಂದಿನಾನೂ ಹೇಳಲಿಲ್ಲಲೇ" ಎಂದಳು.

"ನೀ ಕೇಳಲಿಲ್ಲ" ಎಂದ. ಸಿಟ್ಟಿಲ್ಲದೆ ಅಂದ. ಅದೇ ಆಕೆಗೆ ಹೆಚ್ಚು ನೋವಾಯಿತು.

ಅಡುಗೆಯ ಗಿಡ್ಡಮ್ಮ ಸಂಜೆ ಒಲೆಯ ಮೇಲೆ ಹಾಲಿಟ್ಟು ನೀರು ತರಲು ಹೋದಳು. ಹಾಲೇಶ ಅಡುಗೆಮನೆಯ ಕಟ್ಟೆಗೆ ಒರಗಿ, ಈ ಕಣಿವೆಗೆ ಡ್ರಿಪ್ ಪೈಪು ಎಳೆದ ಕಥೆ ಹೇಳುತ್ತಿದ್ದ. ಪಡಸಾಲೆಯಲ್ಲಿ ಚೀಲ ಬಿಚ್ಚುತ್ತಿದ್ದ ವೀರಬಸಮ್ಮನ ಮೂಗಿಗೆ ಹಾಲು ತಳ ಹಿಡಿದ ವಾಸನೆ ಬಂತು. ಅವನು ನೋಡಿಕೊಳ್ಳುತ್ತಾನೆ ಎಂದುಕೊಂಡಳು. ವಾಸನೆ ದಟ್ಟವಾಯಿತು, ಹೊಗೆಯಾಯಿತು. ಅವನು ಒಲೆಗೆ ಬೆನ್ನು ಮಾಡಿ ನಿಂತು ಮಾತಾಡುತ್ತಲೇ ಇದ್ದ. ಆಕೆ ಓಡಿಬಂದು ಪಾತ್ರೆ ಇಳಿಸಿದಳು.

"ಮೂಗಿಗೆ ಏನಾಗೈತಿ ನಿನಗ? ಮನೀಯೆಲ್ಲಾ ಸೀದು ಹೋದರೂ ಗೊತ್ತಾಗಂಗಿಲ್ಲೇನು?"

ಹಾಲೇಶ ಕರಿ ಹಿಡಿದ ಪಾತ್ರೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. "ಗೊತ್ತಾಗಂಗಿಲ್ಲ" ಎಂದ. "ಅದಕ್ಕ ನಿನ್ನ ಕರಸೀನಿ."

ಆಮೇಲೆ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದ. ಕೊರೊನಾದ ಎರಡನೆಯ ಅಲೆಯಲ್ಲಿ ಜ್ವರ ಬಂದು ಹೋಗಿತ್ತು. ಬಹಳ ಜನರಿಗೆ ಹೋದ ವಾಸನೆ ತಿರುಗಿ ಬಂತು, ಅವನಿಗೆ ಬರಲಿಲ್ಲ. ಕರ್ನೂಲಿಗೆ ಹೋದ, ಹೈದರಾಬಾದಿಗೆ ಹೋದ. ಬರಬಹುದು, ಬಾರದೆಯೂ ಇರಬಹುದು ಎಂದರು. ವೈನ್ ಮಾಡುವವನಿಗೆ ಮೂಗಿಲ್ಲ ಎಂದು ಹೊರಗೆ ಗೊತ್ತಾದರೆ ಮುಗಿಯಿತು. ಮಹೇಶ್ವರಿ ಯಾರಿಗೂ ಹೇಳಗೊಡಲಿಲ್ಲ. ಅಂದಿನಿಂದ ಅವಳೇ ಅವನ ಮೂಗಾದಳು. ಪ್ರತಿ ಪೀಪಾಯಿಯ ಬಿರಡೆ ತೆಗೆದು ಮೂಸಿ, ಇದರಲ್ಲಿ ಇಂಥ ವಾಸನೆ, ಅದರಲ್ಲಿ ಅಂಥದ್ದು ಎಂದು ಅವನಿಗೆ ಹೇಳುವಳು. ಅವನು ಕಣ್ಣು ಮುಚ್ಚಿ ಕೇಳುವನು. ಬಂದವರ ಮುಂದೆ ಅವಳ ಮಾತನ್ನೇ ತನ್ನದು ಮಾಡಿ ಹೇಳುವನು. ಯಾರಿಗೂ ಅನುಮಾನ ಬರಲಿಲ್ಲ.

"ಹೋದ ವರ್ಷದ ಕೆಂಪು ವೈನು ಪೀಪಾಯ್ಯಾಗ ಐತಿ. ಶ್ರಾವಣದಾಗ ಆಕಿ ನೋಡಿ, ನಾವು ಮಾಡಿದ್ರಾಗ ಇದೇ ಚಲೋದು ಅಂದ್ಲು. ಲ್ಯಾಬಿಗೂ ಕಳಿಸಿದ್ದೆ, ಅವರೂ ಹಂಗೇ ಬರದ್ರು. ಆಮ್ಯಾಲ ಆಕಿ ಹೋದ್ಲು. ನಾ ಗೋನೆಗಂಡ್ಲದಾಗ ಕುಂತುಬಿಟ್ಟೆ. ತಿರುಗಿ ಬಂದ ಮ್ಯಾಲೂ ಆ ಕೊಟ್ಟಡಿ ಬಾಗಿಲ ತೆಗಿಯಾಕ ಮನಸ್ಸಾಗಲಿಲ್ಲ. ನಾಡಿದ್ದು ಐತವಾರ ಚಂದ್ರಣ್ಣ ಬರ್ತಾನ. ಕರ್ನೂಲಿನ್ಯಾಗ ದೊಡ್ಡ ಹೋಟೆಲು ಅವಂದು. ನಮ್ಮ ವೈನೆಲ್ಲಾ ಅವನೇ ಒಯ್ಯಾದು. ಊರಿಂದ ಒಂದಿಷ್ಟು ಮಂದಿನೂ ಕರಕೊಂಡು ಬರ್ತಾನ, ತೋಟ ನೋಡಿ, ರುಚಿ ನೋಡಿ ಹೋಗಾಕ."

"ನಿನ್ನ ನಾಲಿಗಿ ಐತೆಲ್ಲೋ."

"ನಾಲಿಗಿಗೆ ಹುಳಿ ಅನ್ನಾದು ಅಷ್ಟೇ ಗೊತ್ತಾಗ್ತೈತಿ ಅಕ್ಕಾ. ಎಲ್ಲಾ ವೈನೂ ಹುಳೀನೇ. ಅದು ಯಾವ ಹುಳಿ ಅಂತ ಹೇಳಾದು ಮೂಗು." ಅವನು ಸ್ವಲ್ಪ ಮುಂದೆ ಬಾಗಿದ. "ಸಣ್ಣಾಕಿ ಇದ್ದಾಗ ಅಪ್ಪನ ಅಂಗಡ್ಯಾಗ ಹತ್ತಿ ಗಂಟಿನ ಹಂತೇಕ ನಿಂತು, ಇದರಾಗ ಹಸಿ ಐತಿ, ಇದರಾಗ ಇಲ್ಲ ಅಂತ ಮೂಗಿನಾಗೇ ಹೇಳ್ತಿದ್ದಿ. ಅಪ್ಪ ಮುದುಕ ಹಮಾಲರನ್ನ ಬಿಟ್ಟು ನಿನ್ನ ಕೇಳ್ತಿದ್ದ. ನಂಗೊಂದು ಮೂಗು ಬೇಕು. ಊರ ಮಂದೀನ ಕೇಳಾಕ ಬರಂಗಿಲ್ಲ."

ಆಕೆಯ ಕೈ ತಾನಾಗಿ ಎದೆಯ ಮೇಲಿನ ಬೆಳ್ಳಿಯ ಕರಡಿಗೆಗೆ ಹೋಯಿತು. ಹುಟ್ಟಿದಾಗ ತನಗೆ ಕಟ್ಟಿದ ಲಿಂಗ ಅದರಲ್ಲಿತ್ತು. "ಮೂಸಿ ನೋಡಿದ್ರ ಸಾಕಲ್ಲ?" ಎಂದಳು.

"ಸಾಕು" ಎಂದ.

ಮರುದಿನ ಪೂಜೆ ಮುಗಿಸಿ ಆಕೆ ಅವನ ಹಿಂದೆ ಕೊಟ್ಟಡಿಗೆ ಹೋದಳು. ಹೊರಗೆ ಬಿಸಿಲು ಏರುತ್ತಿದ್ದರೂ ಒಳಗೆ ನೆಲಮನೆಯ ತಂಪು. ಅಡ್ಡಲಾಗಿ ಮಲಗಿಸಿದ ಮರದ ಪೀಪಾಯಿಗಳು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಮಹೇಶ್ವರಿಯ ಗುಂಡಗಿನ ತೆಲುಗು ಅಕ್ಷರ. ಬಾಗಿಲು ತೆರೆದ ಕೂಡಲೇ ಆಕೆಯ ಮೂಗಿಗೆ ಹುಳಿ ಬಡಿಯಿತು. ಇದರ ವಾಸನೆಯೇ ಹೀಗಿರಬಹುದು ಎಂದುಕೊಂಡಳು. ಹಾಲೇಶ ಮೊದಲ ಪೀಪಾಯಿಯ ಬಿರಡೆ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಸಿ, ಒಂದಿಷ್ಟನ್ನು ಗ್ಲಾಸಿಗೆ ಬಿಟ್ಟ. ಇಷ್ಟು ತಿಂಗಳು ಯಾರೂ ತುಂಬಿಸದೆ ಒಳಗೆ ವೈನು ಒಂದು ಗೇಣು ಇಳಿದು ಗಾಳಿ ಸೇರಿತ್ತು. ಅದನ್ನು ನೋಡಿ ಅವನ ಹುಬ್ಬು ಗಂಟಾಯಿತು.

ಬಣ್ಣ ಸೊಗಸಾಗಿತ್ತು. ಆಕೆ ಗ್ಲಾಸನ್ನು ಮೂಗಿನ ಹತ್ತಿರ ತಂದಳು. ಚುರ್ ಎಂದು ಕಣ್ಣಲ್ಲಿ ನೀರು ಬಂತು.

"ಏನನಸ್ತೈತಿ?"

"ಬಸ್ ಸ್ಟ್ಯಾಂಡಿನ ಮುಂದ ಗೋಬಿ ಬಂಡಿ ಇರ್ತಾವಲ್ಲ, ಬಾಟ್ಲಿಯಿಂದ ಹುಳಿ ಸುರೀತಾರಲ್ಲ, ಆ ವಾಸನಿ."

ಅವನು ನಕ್ಕ. ಬಲವಂತದ ನಗು. "ಹೊಸಬರು ಎಲ್ಲಾರೂ ಹಂಗೇ ಅಂತಾರ. ಇನ್ನೊಂದು ನೋಡು."

ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು. ಒಂದರಲ್ಲಿ ಕಡಿಮೆ, ಒಂದರಲ್ಲಿ ಹೆಚ್ಚು, ಆದರೆ ಎಲ್ಲದರಲ್ಲೂ ಅದೇ. ಹಾಲೇಶನ ನಗು ಹೋಗಿತ್ತು. "ಆಕಿ ಇದರಾಗ ನೇರಳೆ ಹಣ್ಣು ಐತಿ ಅಂದಿದ್ಲು. ಅದರ ಹಿಂದ ಲವಂಗ. ಕಡೀಗೆ, ಮೊದಲ ಮಳಿ ಬಿದ್ದ ಎರೆ ಹೊಲ. ಹುಡುಕು ಅಕ್ಕಾ, ಇರ್ತೈತಿ. ಗಡಬಡಿ ಮಾಡಬ್ಯಾಡ."

ಆಕೆ ಕಣ್ಣು ಮುಚ್ಚಿ ಹುಡುಕಿದಳು. ನಿಜವಾಗಿಯೂ ಹುಡುಕಿದಳು. ನೇರಳೆಯೂ ಇಲ್ಲ, ಮಳೆಯೂ ಇಲ್ಲ.

"ಇಲ್ಲಪಾ."

"ಮೂಗಿಗೆ ಗೊತ್ತಾಗಲಿಲ್ಲಂದ್ರ ಒಂದು ಹನಿ ನಾಲಿಗಿ ಮ್ಯಾಲ..." ಎಂದವನು ಅಷ್ಟಕ್ಕೇ ನಿಲ್ಲಿಸಿದ.

ವೀರಬಸಮ್ಮ ಗ್ಲಾಸನ್ನೇ ನೋಡುತ್ತ ನಿಂತಳು. ತಂದೆ ಕಣ್ಣ ಮುಂದೆ ಬಂದ, ಬಾಗಿಲಲ್ಲಿ ನಿಂತ ತಮ್ಮನೂ ಬಂದ. ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿಕೊಂಡು, ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡಳು. ನುಂಗಲಿಲ್ಲ, ಹೊರಗೆ ಓಡಿಹೋಗಿ ಗಿಡದ ಬುಡಕ್ಕೆ ಉಗುಳಿದಳು. ಬಾಯೆಲ್ಲ ಉರಿಯಿತು.

"ಹಾಲೇಶಾ, ಇದು ಕೆಟ್ಟೈತಿ."

ಅವನು ಬಾಗಿಲಿಗೆ ಬಂದು ನಿಂತ.

"ನಿನಗ ಯಾವತ್ತು ಚಲೋ ಇತ್ತು?" ಎಂದ.

"ಹಂಗಲ್ಲೋ..."

"ಅವತ್ತು ಅವ್ವ ಒಳಗ ಮಲಗಿದ್ಲು. ನನ್ನ ಅಂಗಿ ಮ್ಯಾಗ ಇದ್ದದ್ದು ಹಣ್ಣಿನ ರಸ. ಬರೀ ಹಣ್ಣಿನ ರಸ ಅಕ್ಕಾ, ಅವತ್ತೇ ಕೊಯ್ದು ಅವತ್ತೇ ತುಳಿಸಿದ್ದು. ನಿನಗ ಹೆಂಡ ನಾರಿತು."

ಆಕೆ ಕರಡಿಗೆಯನ್ನು ಎದೆಗೆ ತಂದುಕೊಂಡು ಎರಡೂ ಕೈಯಲ್ಲಿ ಹಿಡಿದಳು. "ಲಿಂಗ ಮುಟ್ಟಿ ಹೇಳ್ತೀನಿ. ಅವತ್ತು ನಾ ಅಂದದ್ದು ತಪ್ಪು, ದೊಡ್ಡ ತಪ್ಪು. ಆದರ ಇವತ್ತು ಹೇಳಾದು ಖರೇ. ಹುಳ್ಳಗಾಗೈತಿ. ಆ ಮಂದಿ ಮುಂದ ಇಡಬ್ಯಾಡ."

"ಲಿಂಗಕ್ಕೂ ಇದು ಬ್ಯಾಡ, ನಿನಗೂ ಬ್ಯಾಡ. ನಂದೇ ತಪ್ಪು. ಬ್ಯಾರೇ ಯಾರನ್ನಾರ ಕರೀಬೇಕಾಗಿತ್ತು."

"ಹಂಗಂದ್ರ ಕರಿ. ಗಿಡ್ಡಮ್ಮನ್ನ ಕರಿ, ಮೂಸಿ ನೋಡಲಿ."

"ಗಿಡ್ಡಮ್ಮಗ ಗೊತ್ತಾದ್ರ ಹೊಳಗುಂದ ಸಂತಿಗೆಲ್ಲಾ ಗೊತ್ತಾದಂಗ. ಬಿಡು." ಅವನು ಬಿರಡೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಗುದ್ದಿ ಕೂರಿಸಿದ. "ಆಕಿ ಸುಳ್ಳು ಹೇಳ್ತಿರಲಿಲ್ಲ. ಚಲೋ ಐತಿ ಅಂದಿದ್ಲು, ಚಲೋನೇ ಐತಿ."

ಆ ಸಂಜೆ ಅವನು ಮುನಿಸಿಕೊಂಡಂತೇನೂ ಇರಲಿಲ್ಲ. ಅಕ್ಕನನ್ನು ತೋಟ ಸುತ್ತಿಸಿದ, ಗೊಂಚಲಿನ ಮೇಲಿನ ಬೂದಿಯಂಥ ಪುಡಿಯನ್ನು ಒರೆಸಿ ತಿನ್ನಲು ಕೊಟ್ಟ. ಅಲ್ಲಿ ಕೂತಳು, ಇಲ್ಲಿ ನಿಂತಳು ಎಂದು ಮಹೇಶ್ವರಿಯನ್ನು ತೋರಿಸಿದ. ವೀರಬಸಮ್ಮ ಮತ್ತೊಮ್ಮೆ ಮಾತು ತೆಗೆಯಲು ಹೋದಳು. ಅವನು "ಗುಡ್ಡದ ಮ್ಯಾಲ ನವಿಲು ಅದಾವ, ನೋಡು" ಎಂದ.

ಭಾನುವಾರ ಹತ್ತು ಗಂಟೆಗೆಲ್ಲ ಎರಡು ವ್ಯಾನು ಬಂದವು. ಚಂದ್ರಣ್ಣ ದಪ್ಪನೆಯ, ನಗುಮುಖದ ಮನುಷ್ಯ. ಇಳಿದವನೇ ಹಾಲೇಶನನ್ನು ತಬ್ಬಿಕೊಂಡು, "ಮಹೇಶ್ವರಮ್ಮ ಇಲ್ಲದ ಗವಿಕೋನ ನೋಡೋಕೆ ಕಾಲೇ ಬರಲಿಲ್ಲ ಸ್ವಾಮಿ" ಎಂದು ಕಣ್ಣೊರೆಸಿಕೊಂಡ. ಆ ಕಣ್ಣೀರು ನಿಜದ್ದೇ ಎಂದು ವೀರಬಸಮ್ಮನಿಗೆ ಅನಿಸಿತು. ಆತನನ್ನು ಒಂದು ಬದಿಗೆ ಕರೆದು, ಹೀಗೆ ಹೀಗೆ, ಇವತ್ತು ಬೇಡ ಎಂದು ಹೇಳಿಬಿಡಲೇ ಎಂದು ಎರಡು ಹೆಜ್ಜೆ ಮುಂದೆ ಹೋದಳು. ಆದರೆ ಹೇಳಬೇಕಾದರೆ ಮೂಗಿನ ವಿಷಯವನ್ನೂ ಹೇಳಬೇಕು. ಗಂಡ ಹೆಂಡತಿ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಲು ತಾನು ಯಾರು? ಆಕೆ ಆ ಎರಡು ಹೆಜ್ಜೆ ಹಿಂದಕ್ಕೆ ಬಂದಳು.

ಬಂದವರು ಹದಿನೈದಿಪ್ಪತ್ತು ಮಂದಿ. ಹೊಸ ದಂಪತಿಗಳು, ಬ್ಯಾಂಕಿನವರು, ಕ್ಯಾಮೆರಾ ತೂಗುಹಾಕಿಕೊಂಡವರು. ಸಾಲುಗಳ ನಡುವೆ ಓಡಾಡಿ ಫೋಟೋ ತೆಗೆಸಿಕೊಂಡರು. "ಮನ ಆದೋನಿ ದಗ್ಗರ ಇಲಾಂಟಿ ಪ್ಲೇಸ್ ಉಂದಾ!" ಎಂದು, ಆದೋನಿಯ ಹತ್ತಿರವೇ ಇಂಥ ಜಾಗ ಇರುವುದಕ್ಕೆ ಬೆರಗಾದರು. ಹಾಲೇಶ ಬಿಳಿ ಅಂಗಿ ತೊಟ್ಟು ಅವರ ಮುಂದೆ ಮುಂದೆ ನಡೆಯುತ್ತ, ತೆಲುಗು ಕನ್ನಡ ಎರಡೂ ಬೆರೆಸಿ ವಿವರಿಸುತ್ತಿದ್ದ. ಅವನ ಬೆನ್ನು ನೆಟ್ಟಗಾಗಿತ್ತು. ತಮ್ಮನಿಗೆ ಇಂಥ ಮಾತುಗಾರಿಕೆ ಇದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ.

ದ್ರಾಕ್ಷಿ ಚಪ್ಪರದ ಕೆಳಗೆ ಉದ್ದನೆಯ ಮೇಜು ಹಾಕಿ ಬಿಳಿ ಬಟ್ಟೆ ಹಾಸಿತ್ತು. ಗಿಡ್ಡಮ್ಮ ಹುರಿದ ಶೇಂಗಾ, ಒಣಗಿಸಿದ ಕಟಿ ರೊಟ್ಟಿಯ ಚೂರು ಇಟ್ಟಳು. ಹಾಲೇಶ ತಾನೇ ಪ್ರತಿಯೊಬ್ಬರ ಗ್ಲಾಸಿಗೂ ಹೋದ ವರ್ಷದ ವೈನು ಬಗ್ಗಿಸಿ, ಮೇಜಿನ ತುದಿಗೆ ಹೋಗಿ ನಿಂತ. ಅಕ್ಕ ಮೇಜಿನ ಇನ್ನೊಂದು ತುದಿಯಲ್ಲಿದ್ದಳು. ಆಕೆಯ ಮುಂದೆಯೂ ಒಂದು ಗ್ಲಾಸು ಬಂದು ಕೂತಿತ್ತು. ಅವನು ಅಭ್ಯಾಸಬಲದಿಂದ ಬಗ್ಗಿಸಿದ್ದನೋ, ಬೇಕೆಂದೇ ಬಗ್ಗಿಸಿದ್ದನೋ.

"ಕುಡಿಯಾಕ ಅವಸರ ಬ್ಯಾಡ್ರಿ. ಮೊದಲು ಮೂಗಿಗೆ ತೊಗೊಳ್ರಿ" ಎಂದ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡ. "ನೇರಳೆ ಹಣ್ಣು ಬರ್ತೈತಿ ನೋಡ್ರಿ. ಆಷಾಢದಾಗ ಬರೋ ದಪ್ಪ ನೇರಳೆ. ಒಂಚೂರು ತಡೀರಿ, ಅದರ ಹಿಂದೇ ಲವಂಗ ಐತಿ. ಕಡೀಗೆ ಒಂದು ವಾಸನಿ ಬರ್ತೈತಿ. ಮೊದಲ ಮಳಿಗೆ ಎರೆ ಹೊಲ ಬಿರಿತೈತೆಲ್ಲ, ಅದು. ನನ್ನ ಹೆಂಡತಿಗೆ ಅದು ಭಾಳ ಇಷ್ಟ ಇತ್ತು."

ಒಬ್ಬ ಹೆಣ್ಣುಮಗಳು ಗ್ಲಾಸು ಮೂಗಿಗೆ ತಂದವಳು ಕೆಮ್ಮಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವಳು ತನ್ನ ಗಂಡನ ಕಿವಿಯಲ್ಲಿ ಏನೋ ಅಂದಳು. ಟೋಪಿ ಹಾಕಿದ್ದ ಒಬ್ಬ ಯುವಕ ಗೆಳೆಯನಿಗೆ "ವೆನಿಗರ್ ರಾ" ಎಂದು ಪಿಸುಗುಟ್ಟಿದ. ಗೆಳೆಯ ನಗು ತಡೆಯಲಾರದೆ ಮುಖವನ್ನು ಆ ಕಡೆಗೆ ತಿರುಗಿಸಿದ. ಚಂದ್ರಣ್ಣ ಒಮ್ಮೆ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಗ್ಲಾಸನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟು ಹಾಲೇಶನ ಮುಖ ನೋಡಿದ. ಇವನು ತಮಾಷೆ ಮಾಡುತ್ತಿದ್ದಾನೋ, ದುಃಖದಲ್ಲಿ ಬುದ್ಧಿ ಸ್ತಿಮಿತದಲ್ಲಿಲ್ಲವೋ ಎಂದು ಅಳೆಯುವ ನೋಟ ಅದು.

ಹಾಲೇಶ ಕಣ್ಣು ಮುಚ್ಚಿಯೇ ಇದ್ದ. ಮಳೆಯ ವಾಸನೆ ಯಾಕೆ ಬರುತ್ತದೆ, ಈ ಕಣಿವೆಯ ಮಣ್ಣಿಗೆ ಎಂಥ ಗುಣ ಇದೆ ಎಂದು ಹೇಳುತ್ತಲೇ ಇದ್ದ. ಅವನ ಮುಖದ ಮೇಲೆ ಎಷ್ಟು ಸುಖ ಇತ್ತೆಂದರೆ ವೀರಬಸಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟೋಪಿಯವನ ಹೆಗಲು ನಗುವಿಗೆ ಕುಲುಕುತ್ತಿತ್ತು. ಇನ್ನೊಂದು ಕ್ಷಣ ಕಳೆದರೆ ಯಾರಾದರೂ ಅಂದೇಬಿಡುತ್ತಿದ್ದರು.

ಆಕೆ ಎದ್ದು ನಿಂತಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಕರಡಿಗೆ, ತಲೆಯ ಮೇಲೆ ಸೆರಗು. ಎಲ್ಲರೂ ಆ ಕಡೆ ತಿರುಗಿದರು. ಆಕೆ ತನ್ನ ಗ್ಲಾಸನ್ನು ಎತ್ತಿ, ಉಸಿರು ಬಿಗಿಹಿಡಿದು, ಔಷಧ ಕುಡಿಯುವವರ ಹಾಗೆ ಪೂರ್ತಿ ಕುಡಿದಳು. ಗಂಟಲಿನಿಂದ ಹೊಟ್ಟೆಯ ತನಕ ಗೆರೆ ಎಳೆದಂತೆ ಉರಿ ಇಳಿಯಿತು.

"ಚಲೋ ಐತಪಾ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಿನ್ನಿ ನಂಗ ತಿಳೀಲಿಲ್ಲ. ಇವತ್ತು ನೇರಳೆ ಹಣ್ಣು ಬಂತು. ಮಳಿ ವಾಸನಿನೂ ಬಂತು."

ಹಾಲೇಶ ಕಣ್ಣು ತೆರೆದ.

ಮೊದಲು ಅವನ ಮುಖ ಅರಳಿತು. ಆಮೇಲೆ ಆಕೆಯ ಕಣ್ಣಿಂದ ಸುರಿಯುತ್ತಿದ್ದ ನೀರನ್ನು ನೋಡಿದ, ಖಾಲಿ ಗ್ಲಾಸನ್ನು ನೋಡಿದ. ನಿನ್ನೆ ಲಿಂಗ ಮುಟ್ಟಿ ಕೆಟ್ಟಿದೆ ಎಂದವಳು. ಹುಟ್ಟಿದಾಗಿನಿಂದ ಒಂದು ಹನಿಯನ್ನೂ ನುಂಗದವಳು. ಅಂಥವಳು ಪರಸ್ಥಳದ ಮಂದಿಯ ಮುಂದೆ ಎದ್ದು ನಿಂತು ಗ್ಲಾಸು ಬರಿದು ಮಾಡಿ ಚೆನ್ನಾಗಿದೆ ಎನ್ನಬೇಕಾದರೆ ಅದಕ್ಕೆ ಒಂದೇ ಕಾರಣ ಇರಲು ಸಾಧ್ಯ. ಅವನು ಮೇಜಿನ ಸುತ್ತ ಒಂದೊಂದೇ ಮುಖ ನೋಡುತ್ತ ಬಂದ. ಎಲ್ಲರ ಗ್ಲಾಸೂ ತುಂಬಿಯೇ ಇತ್ತು.

ಅಕ್ಕ ನಿಜ ಹೇಳಿದಾಗ ಅವನು ನಂಬಿರಲಿಲ್ಲ. ಈಗ ಅವಳ ಸುಳ್ಳಿನಿಂದ ಎಲ್ಲವೂ ತಿಳಿದುಹೋಯಿತು.

"ಚಂದ್ರಣ್ಣಾರ" ಎಂದ. ದನಿ ಶಾಂತವಾಗಿತ್ತು. "ಯಾರೂ ಕುಡೀಬ್ಯಾಡ್ರಿ. ಇದು ಕೆಟ್ಟೈತಿ. ನಂಗ ವಾಸನಿ ಗೊತ್ತಾಗಂಗಿಲ್ಲ. ಕೊರೊನಾದಾಗ ಹೋತು. ಇಲ್ಲಿತನ ನಿಮಗ ಹೇಳಿದ್ದೆಲ್ಲಾ ಆಕೀದು. ನಂದು ಒಂದು ಮಾತೂ ಇಲ್ಲ."

ಟೋಪಿಯವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಎಲ್ಲಿಯೋ ಒಂದು ಕುರ್ಚಿ ಕಿರ್ರೆಂದಿತು.

ಊಟದ ಹೊತ್ತಿಗೆ ವ್ಯಾನುಗಳು ಹೊರಟವು. ಚಂದ್ರಣ್ಣ ಹತ್ತುವ ಮುಂಚೆ ಹಾಲೇಶನ ಕೈ ಹಿಡಿದು ನಿಂತ. "ಪರವಾಲೇದು. ಈ ವರ್ಷದ ಹಣ್ಣು ಬಂಗಾರದಂಗೆ ಇದೆ. ನಾಸಿಕ್ ಕಡೆ ಗೊತ್ತಿದ್ದವರಿದಾರೆ, ಒಬ್ಬ ಹುಡುಗನ್ನ ಕಳಿಸ್ತೀನಿ. ಮೂಗು ಅವನದು, ತೋಟ ನಿಮ್ಮದು. ಏನಂತೀರಿ?"

"ನೋಡೋಣ್ರಿ" ಎಂದ ಹಾಲೇಶ.

ಅಂದೇ ಮಧ್ಯಾಹ್ನ ಅವನು ಪೀಪಾಯಿಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿ ಬಿರಡೆ ತೆಗೆದ. ವೀರಬಸಮ್ಮ ಬೇಡ ಎನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಕೈ ಹಚ್ಚಿದಳು. ಕೆಂಪು ನೀರು ಕಲ್ಲುಗಳ ಸಂದಿಯಲ್ಲಿ ಹರಿದು ಒಣಗಿದ ಹಳ್ಳಕ್ಕೆ ಇಳಿಯಿತು. ಹುಳಿ ವಾಸನೆಗೆ ಗಿಡ್ಡಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಹಾಲೇಶ ಅದರ ನಡುವೆ ನಿಂತು, ಹರಿಯುವುದು ನಿಲ್ಲುವ ತನಕ ನೋಡಿದ.

"ಹೇಳಿದೆಲ್ಲ ಅಕ್ಕಾ ನೀನು" ಎಂದ ಕಡೆಗೆ. "ಹೇಳಿದಾಗ ಕೇಳಲಿಲ್ಲ."

"ನಾ ಕುಡೀಬಾರದಾಗಿತ್ತು."

"ಕುಡದಿ. ಆತು."

ಚಂದ್ರಣ್ಣ ಮಾತಿಗೆ ತಪ್ಪಲಿಲ್ಲ. ಸೋಮೇಶ್ ಎಂಬ ಕಲಿತ ಹುಡುಗನನ್ನು ಕಳಿಸಿದ. ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಬೆಳಗ್ಗೆ ಎದ್ದು ಸಾಲುಗಳ ನಡುವೆ ಓಡಾಡಿ ಹಣ್ಣು ಬಾಯಿಗೆ ಹಾಕಿಕೊಂಡು, ಇನ್ನೊಂದು ವಾರ ತಡೆಯೋಣ ಸರ್, ಈಗ ಕೊಯ್ಯೋಣ ಸರ್ ಎನ್ನುತ್ತಿದ್ದ. ಹಾಲೇಶ ತಲೆಯಾಡಿಸಿ ಮತ್ತೆ ಇನ್ನೊಬ್ಬರನ್ನು ಕೇಳುವನು. ಗಿಡ್ಡಮ್ಮನನ್ನೂ ಕೇಳುವನು, ದಾರಿಯಲ್ಲಿ ಹೋಗುವ ಕುರಿಯವರನ್ನೂ ನಿಲ್ಲಿಸಿ ಹಣ್ಣು ಕೊಟ್ಟು ಹೇಗಿದೆ ಎಂದು ಕೇಳುವನು. ಒಬ್ಬರ ಮಾತಿನ ಮೇಲೂ ಅವನ ಮನಸ್ಸು ನಿಲ್ಲಲಿಲ್ಲ. ಇವತ್ತು ನಾಳೆ ಎನ್ನುವುದರಲ್ಲಿ ಕೊಯ್ಲಿನ ಕಾಲ ಮೀರಿತು. ಹುಡುಗ ಕೈಮುಗಿದು ಹೋದ.

ಹೋಳಿಯ ಹೊತ್ತಿಗೆ ವೀರಬಸಮ್ಮ ಮತ್ತೆ ಹೋದಳು. ಬಳ್ಳಿಯಲ್ಲೇ ಹಣ್ಣು ಸುಕ್ಕುಗಟ್ಟಿ ಕಪ್ಪಗೆ ಜೋತುಬಿದ್ದಿತ್ತು. ಕಣಜ, ಜೇನುನೊಣ, ಗಿಳಿಗಳ ಹಿಂಡು. ಡ್ರಿಪ್ಪಿನ ನೀರು ನಿಲ್ಲಿಸಿಬಿಟ್ಟಿದ್ದ.

"ಯಾಕ ಹಿಂಗ ಮಾಡ್ಕೊಂಡಿ? ಆ ಹುಡುಗ ಇದ್ದನಲ್ಲೋ."

"ಇದ್ದ. ಮಹೇಶ್ವರಿ ಹೇಳ್ತಿದ್ಲು, ನಾ ನಂಬ್ತಿದ್ದೆ. ಅದೊಂದು ನನ್ನ ಕೈಲೆ ಆಗ್ತಿತ್ತು. ಹೊಟ್ಟಿ ಹಂಚಿಕೊಂಡು ಹುಟ್ಟಿದ ಅಕ್ಕ ನೀನು, ನಿನ್ನೇ ನಂಬಲಿಲ್ಲ. ಇನ್ನು ಆ ಹುಡುಗನ್ನ ಹೆಂಗ ನಂಬಲಿ?"

"ಕಲೀಬೇಕಪಾ."

"ಈ ವಯಸ್ಸಿನ್ಯಾಗ ಅದನ್ನ ಕಲಿಯಾಕ ಬರಂಗಿಲ್ಲ ಅಕ್ಕಾ."

ಆಕೆ ಇನ್ನೂ ಏನೇನೋ ಹೇಳಿದಳು. ನಮ್ಮ ಮನೆಗೆ ಬಾ, ಮೇಲಿನ ಕೋಣೆ ಖಾಲಿ ಇದೆ ಎಂದಳು. ಅವನು ಬರಲಿಲ್ಲ. ಮಳೆಗಾಲ ಹತ್ತಿರ ಬಂದಾಗ ಕಣಿವೆಯನ್ನು ಕಲ್ಲು ಕ್ವಾರಿಯವರಿಗೆ ಬಿಟ್ಟುಕೊಟ್ಟ. ಬಂಡೆಗಳು ಅವರಿಗೆ ಬೇಕಾಗಿದ್ದವು. ಬಳ್ಳಿ ಇದ್ದ ಜಾಗ ಲಾರಿ ನಿಲ್ಲಿಸಲು ಬೇಕಾಗಿತ್ತು. ಆಲೂರಿನಲ್ಲಿ ರುಜು ಮಾಡುವ ದಿನ ಬೆಳಗ್ಗೆ ವೀರಬಸಮ್ಮ ತಾನಾಗಿಯೇ ಗವಿಕೋನಕ್ಕೆ ಹೋದಳು, ಒಬ್ಬನೇ ಇರಬಾರದು ಎಂದು.

ಜೆಸಿಬಿ ಆಗಲೇ ಸಾಲುಗಳ ನಡುವೆ ಇಳಿದಿತ್ತು. ಒಂದೊಂದು ಬುಡಕ್ಕೂ ಹಲ್ಲು ಹಚ್ಚಿ ಎತ್ತಿದರೆ ಬೇರು ಬಿಳಿಯಾಗಿ, ಉದ್ದುದ್ದ ಮೇಲೆ ಬರುತ್ತಿತ್ತು. ಕಂಬ, ತಂತಿ, ಬಳ್ಳಿ ಎಲ್ಲವೂ ಒಂದೇ ರಾಶಿ. ಊರ ಹೆಂಗಸರು ಅಂಚಿನಲ್ಲಿ ಕಾಯುತ್ತ ನಿಂತಿದ್ದರು. ಅವರಲ್ಲೊಬ್ಬಳು ಹತ್ತಿರ ಬಂದು, "ಈ ಕೊರಡು ಒಲಿಗೆ ಒಯ್ಯೋಣೇನ್ರಿ ಸಾರ್?" ಎಂದು ಕೇಳಿದಳು.

"ಒಯ್ರಿ" ಎಂದ ಹಾಲೇಶ. ಜೀಪು ಹತ್ತಿ ಸ್ಟಾರ್ಟ್ ಮಾಡಿದ. ತಿರುವಿನಲ್ಲಿ ವೀರಬಸಮ್ಮ ಒಮ್ಮೆ ಹಿಂದಿರುಗಿ ನೋಡಿದಳು, ಅವನು ನೋಡಲಿಲ್ಲ.

ಆಲೂರಿನಲ್ಲಿ ರುಜು ಮುಗಿಸಿ ಹೊರಬಂದಾಗ ಬಿಸಿಲು ನೆತ್ತಿಗೇರಿತ್ತು. ಇಬ್ಬರೂ ರಸ್ತೆ ಬದಿಯ ಹೋಟೆಲಿನಲ್ಲಿ ಕೂತರು. ಹೋಟೆಲಿನವನು ಶುಂಠಿ ಏಲಕ್ಕಿ ಜಜ್ಜಿ ಹಾಕಿ ಚಹಾ ತಂದಿಟ್ಟ. ಮೇಜಿನ ಸುತ್ತ ಅದರ ಪರಿಮಳ ಕಟ್ಟಿತು. ಹಾಲೇಶ ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಒಂದು ಗುಟುಕು ಕುಡಿದ. ಏನಾದರೂ ಮಾತಾಡಬೇಕಲ್ಲ ಎಂದು ವೀರಬಸಮ್ಮ ಕೇಳಿದಳು:

"ಹೆಂಗೈತಿ ಚಾ?"

ಅವನು ಗ್ಲಾಸಿನೊಳಗೆ ನೋಡಿದ.

"ಬಿಸಿ ಐತಿ" ಎಂದ.